ಸಳನ ಹುಲಿಗೊಂದು ಬಹಿರಂಗ ಪತ್ರ

ಗೆ,
ಶ್ರೀ ಹುಲಿರಾಯರು,
ಬೇಲೂರು ಚೆನ್ನಕೇಶವನ ಬಾಗಿಲು, ದೊಡ್ಡಗದ್ದವಳ್ಳಿ ಲಕ್ಷ್ಮೀದೇವಿ ಗುಡಿಯ ಶುಕನಾಸಿ, ಮತ್ತಿತರ ಕಡೆ.

ವಿಷಯ: ಸುಮಾರು ಒಂಬೈನೂರು ವರ್ಷಗಳಿಂದ ತಾವು ಸಾಯುತ್ತಲೇ ಇರುವ ಬಗ್ಗೆ.
ಉಲ್ಲೇಖ: ವಿಷ್ಣುವರ್ಧನನ ಬೇಲೂರು ಶಾಸನ, 1117.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ದಯವಿಟ್ಟು ಇನ್ನಷ್ಟು ಕಾಲ ಹೀಗೆಯೇ ಸಾಯುತ್ತಿರಿ. ತಾವು ಮೈಕೊಡವಿ ಎದ್ದು ಹೋದರೆ ನಮ್ಮ ಹಾಸನ ಜಿಲ್ಲೆಗೆ ಬ್ಯಾನರಿನ ಮೇಲೆ ಹಾಕಲು ಚಿತ್ರವೇ ಇರುವುದಿಲ್ಲ. ಬೆಂಗಳೂರಿನಲ್ಲಿ ಪೊಲೀಸರ ಗಸ್ತು ಜೀಪುಗಳಿಗೂ ತಮ್ಮನ್ನು ಕೊಂದ ಸಳನ ಮನೆತನದ ಹೆಸರೇ, ‘ಹೊಯ್ಸಳ’ ಎಂದು, ಇಟ್ಟಿದ್ದಾರೆ. ರಾತ್ರಿ ಅಂಗಡಿ ಮುಚ್ಚಿಸಲು ಬರುವ ಆ ಜೀಪು ಕಂಡರೆ ಬೀಡಾ ಅಂಗಡಿಯವನಿಗೆ ತಮ್ಮ ಸಂಕಟ ಸ್ವಲ್ಪ ಅರ್ಥವಾಗುತ್ತದೆ.

ತಮ್ಮ ಕಡೆಯ ವಾದವನ್ನು ಇದುವರೆಗೆ ಯಾರೂ ಕೇಳಿಲ್ಲ. ಸೊಸೆವೂರು, ಅಂದರೆ ಇವತ್ತಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ, ಆಗ ಕಾಡು. ಕಾಡಿನಲ್ಲಿ ಹುಲಿ ಇರುವುದು ಅಪರಾಧವಲ್ಲ. ಅಲ್ಲಿ ವಾಸಂತಿಕಾ ದೇವಿಯ ಗುಡಿಯ ಬಳಿ ಸುದತ್ತ ಮುನಿಗಳು ಸಳನಿಗೆ ಪಾಠ ಹೇಳುತ್ತಿದ್ದರಂತೆ. ತಾವು ಬಂದಿರಿ. ಇರುವೆಯನ್ನೂ ನೋಯಿಸಬಾರದೆಂಬ ಜೈನಧರ್ಮದ ಗುರುಗಳು ಶಿಷ್ಯನ ಕಡೆ ಬೆತ್ತ ಎಸೆದು ‘ಹೊಯ್ ಸಳ’, ಅಂದರೆ ಹೊಡಿ, ಎಂದರು. ಶಿಷ್ಯ ಹೊಡೆದ, ಒಂದು ರಾಜವಂಶವೇ ಹುಟ್ಟಿತು. ಅಹಿಂಸೆಯ ಪಾಠ ಅಂದಿಗೆ ಎಷ್ಟನೇ ಅಧ್ಯಾಯದವರೆಗೆ ಬಂದಿತ್ತೋ, ಶಾಸನ ಬರೆದವರು ತಿಳಿಸಿಲ್ಲ.

ಶಿಲ್ಪಿಗಳಾದರೂ ತಮಗೆ ನ್ಯಾಯ ಒದಗಿಸಬಹುದಿತ್ತು. ಕತ್ತಿಗೆ ಕೇಸರ, ಮುಖಕ್ಕೆ ಗುಂಗುರು. ‘ಇದು ಸಿಂಹ ಅಲ್ವಾ ಸಾರ್?’ ಎಂದು ಕೇಳದ ಪ್ರವಾಸಿ ಇಲ್ಲ. ಇನ್ನು ಇತಿಹಾಸಕಾರರು. ಸಳ ಬರೆಸಿದ ಶಾಸನ ಒಂದೂ ಇಲ್ಲ. ಚರಿತ್ರೆಯಲ್ಲಿ ಮುಖ ಸ್ಪಷ್ಟವಾಗಿ ಕಾಣುವುದು ನೃಪಕಾಮ, ವಿನಯಾದಿತ್ಯರ ಕಾಲದಿಂದ. ತಮ್ಮ ಕಥೆ ಕಲ್ಲಿಗೆ ಏರಿದ್ದು 1117ರಲ್ಲಿ, ವಿಷ್ಣುವರ್ಧನ ಚೋಳರಿಂದ ತಲಕಾಡನ್ನು ಕಿತ್ತುಕೊಂಡ ಮರುವರ್ಷ. ಚೋಳರ ಲಾಂಛನ ಹುಲಿ. ಆದ್ದರಿಂದ ತಾವು ಕಾಡಿನ ಹುಲಿಯೇ ಅಲ್ಲ, ಸೋತ ಚೋಳರೇ ತಾವು ಎಂದು ಕೆಲವರ ತರ್ಕ. ತಾವು ತಮಿಳುನಾಡಿನ ಕಡೆಯವರೆಂಬ ಈ ಗುಮಾನಿಯನ್ನು ಕಾವೇರಿ ನೀರಿನ ಗಲಾಟೆ ಇರುವ ತಿಂಗಳುಗಳಲ್ಲಿ ಎಲ್ಲೂ ಎತ್ತದಿರುವುದು ಒಳ್ಳೆಯದು.

ತಮ್ಮ ಹೊಟ್ಟೆ ಉರಿಸಲು ಹೇಳುವುದಲ್ಲ, ಆದರೆ ಹಾಸನ ಪೇಟೆ ಹುಟ್ಟಿದ್ದು ಒಂದು ಮೊಲದಿಂದ. ಸಂಜೀವ ಕೃಷ್ಣಪ್ಪ ನಾಯಕನೆಂಬ ಪಾಳೇಗಾರ ಹೊರಟಿದ್ದಾಗ ಮೊಲವೊಂದು ಅಡ್ಡ ಹಾದು ಊರೊಳಗೆ ನುಗ್ಗಿತಂತೆ. ಅಪಶಕುನವೆಂದು ನಾಯಕ ಕೈಕೈ ಹಿಸುಕಿಕೊಂಡಾಗ ನಗುಮುಖದ ಹಾಸನಾಂಬೆ ಪ್ರತ್ಯಕ್ಷಳಾಗಿ, ಇಲ್ಲೇ ಕೋಟೆ ಕಟ್ಟು ಎಂದಳು. ಆ ಮೊಲಕ್ಕೆ ಒಂದು ಗೀರೂ ಆಗಲಿಲ್ಲ. ಅದು ಹಾದ ಜಾಗ ಈಗ ಜಿಲ್ಲಾ ಕೇಂದ್ರ. ಆಶ್ವಯುಜದಲ್ಲಿ ದೇವಿಯ ಗುಡಿಯ ಬಾಗಿಲು ತೆರೆಯುವ ಆ ಕೆಲವೇ ದಿನ ಸಾಲಿನಲ್ಲಿ ನಿಂತವರ ಕಾಲು ಬಾತುಕೊಳ್ಳುತ್ತದೆ. ತಾವು ಪ್ರಾಣ ಕೊಟ್ಟು ಕಟ್ಟಿಸಿದ ರಾಜ್ಯದ ರಾಜಧಾನಿ ಮಾತ್ರ ಈಗ ಹೆಸರಿನಲ್ಲೇ ಹಳೆಯ ಬೀಡು. ನಮ್ಮ ಉಳಿದ ಊರುಗಳು ಪ್ರಾಣಿಗಳ ತಂಟೆಗೇ ಹೋಗಲಿಲ್ಲ. ಅರಕಲಗೂಡಿಗೆ ಗೌತಮ ಋಷಿಗಳ ತಪಸ್ಸು ಸಾಕಾಯಿತು. ಕೊಳತೂರೆಂಬ ಹಳ್ಳಿ ಚನ್ನರಾಯಪಟ್ಟಣವಾದದ್ದು ಹೊಳೆನರಸೀಪುರದ ಪಾಳೇಗಾರನೊಬ್ಬ ಹರಕೆಯ ಮಗನಿಗೆ ದೇವರ ಹೆಸರಿಟ್ಟು ಆ ಊರನ್ನು ಉಂಬಳಿ ಕೊಟ್ಟದ್ದರಿಂದ. ಹೊಳೆನರಸೀಪುರಕ್ಕೆ ನರಸಿಂಹನೇ ಇದ್ದಾನೆ, ಬೇರೆ ಮೃಗವೇಕೆ?

ಈಗ ಹಳೇಬೀಡಿನ ವರದಿ. ಬೆಂಗಳೂರಿನಿಂದ ಬೆಳಗಿನ ಜಾವ ಹೊರಟ ಟಿಟಿ ಗಾಡಿ ಚನ್ನರಾಯಪಟ್ಟಣದಲ್ಲಿ ತಟ್ಟೆ ಇಡ್ಲಿ ಮುಗಿಸಿ, ಶ್ರವಣಬೆಳಗೊಳದ ಮೆಟ್ಟಿಲು ಹತ್ತಿಳಿದು, ಬೇಲೂರು ನೋಡಿ ಸಂಜೆ ಹಳೇಬೀಡಿಗೆ ಬರುತ್ತದೆ. 1121ರ ಸುಮಾರಿಗೆ ಕೇತಮಲ್ಲ ಶುರುಮಾಡಿಸಿದ ಹೊಯ್ಸಳೇಶ್ವರ ಗುಡಿಗೆ ಒಂದು ಸುತ್ತು. ಆನೆಯ ಸಾಲು ತೋರಿಸಿ, ಒಂದರಂತೆ ಇನ್ನೊಂದಿಲ್ಲ ಎನ್ನುತ್ತಾರೆ ಗೈಡುಗಳು. ಒಂದನ್ನಾದರೂ ಪೂರ್ತಿ ನೋಡಲು ಪುರಸೊತ್ತು ಕೊಡುವುದಿಲ್ಲ. ಎರಡನೇ ಬಲ್ಲಾಳ ಸತ್ತಾಗ ತನ್ನ ಹೆಂಡತಿ, ಗರುಡರೆಂಬ ಮೈಗಾವಲಿನವರೊಡನೆ ಪ್ರಾಣ ಬಿಟ್ಟ ದಂಡನಾಯಕ ಕುವರ ಲಕ್ಷ್ಮನ ಕಂಬ ಅಲ್ಲೇ ಇದೆ. ತಲೆ ಕತ್ತರಿಸಿಕೊಳ್ಳುವವರನ್ನು ಕೆತ್ತಿದ ಆ ಕಂಬದ ಬಳಿ ಚಪ್ಪಲಿ ಎಲ್ಲಿ ಬಿಟ್ಟೆವೆಂಬ ಚರ್ಚೆ ನಡೆಯುತ್ತದೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಈ ಚರ್ಚೆ ವಿಶ್ವಮಟ್ಟದ್ದು.

ಊರು ಎಲ್ಲಿ ಎಂದು ಮಾತ್ರ ಯಾರೂ ಕೇಳುವುದಿಲ್ಲ. ದೋರಸಮುದ್ರವೆಂಬ ರಾಜಧಾನಿ ಇತ್ತಲ್ಲ, ಸಂತೆ, ಕೇರಿ, ಅರಮನೆ, ಕೋಟೆ? ಕೋಟೆಗೋಡೆ ಪೊದೆಯೊಳಗಿದೆ. ಅರಮನೆ ಇತ್ತೆನ್ನುವ ಬೆಣ್ಣೆಗುಡ್ಡದ ಸುತ್ತ ಜೋಳ, ಶುಂಠಿ. ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯಲ್ಲಿ ಮುಖ ಕಾಣುವಷ್ಟು ನುಣುಪಾದ ಕಂಬಗಳಿವೆ. ಅಲ್ಲಿ ತಂತಮ್ಮ ಮುಖ ನೋಡಿಕೊಳ್ಳಲು ಬರುವವರು ಕಡಿಮೆ. ಇಡೀ ಪಟ್ಟಣದಲ್ಲಿ ಇಂದಿಗೂ ನೌಕರಿಯಲ್ಲಿರುವುದು ಕೆರೆಯೊಂದೇ.

ಇಲ್ಲಿ ತಮಗೊಂದು ಗುಟ್ಟು ಹೇಳಬೇಕು. ಊರು ಕೆಟ್ಟದ್ದಕ್ಕೂ ಒಂದು ಕಥೆಯಿದೆ, ಅದನ್ನು ಯಾವ ಕಲ್ಲಿಗೂ ಏರಿಸಿಲ್ಲ. ಬಲ್ಲಾಳರಾಯನ ತಂಗಿ ತನ್ನ ಇಬ್ಬರು ಗಂಡುಮಕ್ಕಳೊಡನೆ ದೋರಸಮುದ್ರಕ್ಕೆ ಬಂದಳಂತೆ. ರಾಣಿಯ ಕಣ್ಣು ಅವರಲ್ಲೊಬ್ಬ ಹುಡುಗನ ಮೇಲೆ ಬಿತ್ತು. ಅವನು ಒಪ್ಪಲಿಲ್ಲ. ರಾಣಿ ತಿರುಗಿಸಿ ಗಂಡನ ಕಿವಿಗೆ ದೂರು ಹಾಕಿದಳು. ರಾಜ ವಿಚಾರಿಸುವ ಗೋಜಿಗೂ ಹೋಗದೆ ಸೋದರಳಿಯಂದಿರನ್ನು ಕೊಲ್ಲಿಸಿದ. ಆ ತಾಯಿ ಬೀದಿ ಬೀದಿ ಅಲೆದಳು. ಅರಸನ ಸಿಟ್ಟಿಗೆ ಹೆದರಿ ಇಡೀ ಪಟ್ಟಣ ಬಾಗಿಲು ಹಾಕಿಕೊಂಡಿತು. ನೀರು ಕೊಟ್ಟವರು ಕುಂಬಾರಗೇರಿಯವರು ಮಾತ್ರ. ಈ ಪಟ್ಟಣ ಹಾಳಾಗಲಿ, ಕುಂಬಾರಗೇರಿಯೊಂದು ಉಳಿಯಲಿ ಎಂದು ಶಪಿಸಿ ಅವಳು ಪ್ರಾಣ ಬಿಟ್ಟಳು.

ನನ್ನ ಮಟ್ಟಿಗೆ ಸಳನ ಕಥೆಗಿಂತ ಇದಕ್ಕೆ ಹೆಚ್ಚು ಬೆಲೆ. ಅರಸರು ಬರೆಸಿದ ಕಥೆಯಲ್ಲಿ ಒಬ್ಬ ವೀರ, ಒಂದು ಮೃಗ, ಒಂದು ಏಟು. ಜನ ಹೇಳಿದ ಕಥೆಯಲ್ಲಿ ತಪ್ಪು ಅರಮನೆಯದು, ಬಾಗಿಲು ಹಾಕಿಕೊಂಡ ಊರಿನದು ಕೂಡ. ಹೊರಗಿನ ಶತ್ರುವಿನ ಹೆಸರೇ ಇಲ್ಲ. ನಾವೋ, ಮಲಿಕ್ ಕಾಫರನೆಂದು ಒಂದೇ ಉಸಿರಿನಲ್ಲಿ ಹೇಳಿ ಗಾಡಿ ಹತ್ತುತ್ತೇವೆ. ಆ ದೆಹಲಿ ಸೇನಾನಿ 1311ರಲ್ಲಿ ಬಂದದ್ದು, ಬಾಚಿಕೊಂಡು ಹೋದದ್ದು ನಿಜ. ಆದರೆ ಮೂರನೇ ಬಲ್ಲಾಳ ಆಮೇಲೂ ಇಲ್ಲೇ ಆಳಿದ. ದೆಹಲಿಗೆ ಹೋಗಿದ್ದ ಅವನ ಮಗ 1313ರಲ್ಲಿ ಮರಳಿ ಬಂದ. ತುಘಲಕನ ದಂಡು 1327ರ ಹೊತ್ತಿಗೆ ಇನ್ನೊಂದು ಪೆಟ್ಟು ಕೊಟ್ಟ ಮೇಲೆ ಬಲ್ಲಾಳನ ಬಿಡಾರ ತಿರುವಣ್ಣಾಮಲೈ ಕಡೆ ಹೋಯಿತು. ಒಂದು ಊರು ಒಂದೇ ದಿನದಲ್ಲಿ ಸಾಯುವುದಿಲ್ಲವೆಂದು ಪ್ರವಾಸಿಗೆ ತಿಳಿಸಲು ಬಸ್ಸಿನ ವೇಳಾಪಟ್ಟಿ ಒಪ್ಪುವುದಿಲ್ಲ.

ಮುಂದಿನದು ತಮಗಾಗಿಯೇ ಬರೆಯುತ್ತಿದ್ದೇನೆ. ಆ ಬಲ್ಲಾಳ ಮುಪ್ಪಿನಲ್ಲೂ ಮಧುರೆಯ ಸುಲ್ತಾನನ ಮೇಲೆ ಯುದ್ಧಕ್ಕೆ ಹೋಗಿ 1340ರ ದಶಕದ ಆರಂಭದಲ್ಲಿ ಸೆರೆಸಿಕ್ಕ. ಅವನನ್ನು ಕೊಂದು, ಚರ್ಮ ಸುಲಿದು, ಹುಲ್ಲು ತುಂಬಿ ಮಧುರೆಯ ಗೋಡೆಗೆ ತೂಗುಹಾಕಿದ್ದರು. ಅದನ್ನು ಕಣ್ಣಾರೆ ಕಂಡೆನೆಂದು ಇಬ್ನ್ ಬತೂತ ಬರೆದಿಟ್ಟಿದ್ದಾನೆ. ಬೇಟೆಗೆ ಹೋದ ದೊರೆಗಳು ತಮ್ಮ ಕುಲದವರಿಗೆ ಮಾಡುವುದೂ ಇದನ್ನೇ ಅಲ್ಲವೇ? ಹುಲಿ ಕೊಂದು ಶುರುವಾದ ಮನೆತನದ ಲೆಕ್ಕ ಅಲ್ಲಿಗೆ ಚುಕ್ತಾ ಆಗಿ, ಬಾಕಿ ಕೆಲವು ವರ್ಷ ಬಡ್ಡಿಯಂತೆ ನಡೆಯಿತು.

ತಾವು ಹಿಗ್ಗುವ ಜಾತಿಯಲ್ಲವೆಂದು ಬಲ್ಲೆ. ಆದರೂ ಒಂದು ಎಚ್ಚರಿಕೆ. ಈ ಸುದ್ದಿಯನ್ನು ಎದುರಿಗಿರುವ ಸಳನಿಗೆ ತಿಳಿಸಬೇಡಿ. ಅವನ ಕೈಯಲ್ಲಿ ಇನ್ನೂ ಆಯುಧವಿದೆ.

ಇಂತಿ ತಮ್ಮ ವಿಶ್ವಾಸಿ,
ಹೊಳೆನರಸೀಪುರದ ಕಡೆಯವನೊಬ್ಬ

ಪ್ರತಿ: ಹಾಸನದ ಮೊಲಕ್ಕೆ, ಮಾಹಿತಿಗಾಗಿ.