ಡ್ರಾಫ್ಟ್ ಜೋಯಿಸರು

ಟೊರಾಂಟೊದಲ್ಲಿ ಜೂನ್ ತಿಂಗಳು ಬಂತೆಂದರೆ ಹಾಕಿ ಮುಗಿದು ಹಾಕಿಯ ಮಾತು ಶುರುವಾಗುತ್ತದೆ. ಇದು ನಮ್ಮ ಕೊಡಗಿನವರ ಹಾಕಿಯಲ್ಲ. ಮಂಜುಗಡ್ಡೆಯ ಅಂಕಣದ ಮೇಲೆ ಸ್ಕೇಟ್ ಕಟ್ಟಿಕೊಂಡು, ಒಬ್ಬರನ್ನೊಬ್ಬರು ಗೋಡೆಗೆ ಒತ್ತರಿಸಿಕೊಂಡು ಆಡುವ ಐಸ್ ಹಾಕಿ. ಊರಿನ ತಂಡ ಮೇಪಲ್ ಲೀಫ್ಸ್ ಅಷ್ಟು ಹೊತ್ತಿಗೆ ಸಾಮಾನ್ಯವಾಗಿ ಸೋತು ಮನೆ ಸೇರಿರುತ್ತದೆ. ಅದು ಕೊನೆಯ ಸಲ ಸ್ಟ್ಯಾನ್ಲಿ ಕಪ್ ಗೆದ್ದದ್ದು 1967ರಲ್ಲಿ. ಆಮೇಲಿನ ಪೀಳಿಗೆಗಳು ಆ ಸುದ್ದಿಯನ್ನು ಅಜ್ಜಂದಿರಿಂದ ಕೇಳಿವೆ. ಹೀಗಾಗಿ ಈ ವರ್ಷ ಕಪ್ ಯಾರಿಗೆ ಎಂಬ ಪ್ರಶ್ನೆಯನ್ನು ಪರವೂರಿನವರಿಗೆ ಬಿಟ್ಟುಕೊಟ್ಟು, ಇನ್ನೂ ಮೀಸೆ ಮೂಡದ ಯಾವ ಹುಡುಗ ಹತ್ತು ವರ್ಷದ ಮೇಲೆ ಕಪ್ ತಂದಾನು ಎಂಬ ಪ್ರಶ್ನೆಗೆ ಊರಿನವರು ಕೈಹಾಕುತ್ತಾರೆ. ಟಿಮ್ ಹಾರ್ಟನ್ಸ್ ಕಾಫಿ ಅಂಗಡಿಯ ಮೂಲೆಯ ಮೇಜಿಗೆ ಡ್ರಾಫ್ಟ್ ಜೋಯಿಸರು ಬಂದು ಕೂರುವುದು ಆಗಲೇ. (ಅಂಗಡಿಗೆ ತನ್ನ ಹೆಸರು ಕೊಟ್ಟ ಟಿಮ್ ಹಾರ್ಟನ್ ಆ 1967ರ ತಂಡದ ಆಟಗಾರ. ಈ ಊರಲ್ಲಿ ಕಾಫಿ ಕುಡಿಯಲು ಹೋದರೂ ಆ ಇಸವಿ ಬಿಡುವುದಿಲ್ಲ.)

ಜೋಯಿಸರು ಎಂಬ ಹೆಸರು ನಾನಿಟ್ಟದ್ದು. ಮನುಷ್ಯ ಅಚ್ಚ ಕೆನಡಿಯನ್, ವಿಮೆಯ ಕೆಲಸ, ಐವತ್ತು ದಾಟಿದ ವಯಸ್ಸು, ಬಗ್ಗಿ ಷೂ ಲೇಸ್ ಕಟ್ಟುವಾಗ ಒಂದು ನಿಟ್ಟುಸಿರು. ಕೈಯಲ್ಲಿ ಸದಾ ಒಂದು ನೋಟ್‌ಬುಕ್. ಅದರಲ್ಲಿ ಆ ವರ್ಷ ಹದಿನೆಂಟು ತುಂಬುವ ಹಾಕಿ ಹುಡುಗರ ಹೆಸರು, ಊರು, ಎತ್ತರ, ತೂಕ, ಎಲ್ಲಕ್ಕಿಂತ ಮುಖ್ಯವಾಗಿ ಜನ್ಮದಿನಾಂಕ. ಜಾತಕಕ್ಕೆ ಅದಿಲ್ಲದೆ ಆಗುತ್ತದೆಯೆ? ನಗಬೇಡಿ, ಈ ತಂಡಗಳೆಲ್ಲ ಆಡುವ ಎನ್‌ಎಚ್‌ಎಲ್ ಲೀಗಿನ ನಿಯಮವೇ ಹಾಗಿದೆ: ಸೆಪ್ಟೆಂಬರ್ 15ರೊಳಗೆ ಹದಿನೆಂಟು ತುಂಬಿದ್ದರೆ ಈ ವರ್ಷದ ಡ್ರಾಫ್ಟ್, 16ಕ್ಕೆ ತುಂಬಿದರೆ ಮುಂದಿನ ವರ್ಷ. ಆಸ್ಟನ್ ಮ್ಯಾಥ್ಯೂಸ್ ಹುಟ್ಟಿದ್ದು 1997ರ ಸೆಪ್ಟೆಂಬರ್ 17ರಂದು. ಎರಡು ದಿನ ಮೊದಲೇ ಹುಟ್ಟಿದ್ದರೆ 2015ರಲ್ಲೇ ಬೇರೆ ಯಾವ ತಂಡದ ಪಾಲಾಗುತ್ತಿದ್ದನೋ. ತಡವಾಗಿ ಹುಟ್ಟಿದ್ದರಿಂದ 2016ರಲ್ಲಿ ಮೊದಲ ಆಯ್ಕೆಯಾಗಿ ಟೊರಾಂಟೊಗೆ ದಕ್ಕಿದ. ಈ ಪ್ರಸಂಗ ಬಂದಾಗಲೆಲ್ಲ ಜೋಯಿಸರು ಆ ತಾಯಿಗೆ ಮನಸ್ಸಿನಲ್ಲೇ ಕೈಮುಗಿಯುತ್ತಾರೆ.

ಡ್ರಾಫ್ಟ್ ಎಂದರೇನೆಂದು ನಮ್ಮವರಿಗೆ ಎರಡು ಮಾತು ಹೇಳಲೇಬೇಕು. ಐಪಿಎಲ್ ಹರಾಜು ಕಂಡವರು ಇಲ್ಲಿ ದುಡ್ಡಿನ ಚೀಲ ಹುಡುಕುತ್ತಾರೆ. ಇಲ್ಲಿರುವುದು ಬೆಲೆಯಲ್ಲ, ಸರದಿ. 1963ರಲ್ಲಿ ಮಾಂಟ್ರಿಯಲ್‌ನ ಒಂದು ಹೋಟೆಲಿನಲ್ಲಿ ಶುರುವಾದ ಪದ್ಧತಿ. ಈಗ 32 ತಂಡ, ಏಳು ಸುತ್ತು, 224 ಹುಡುಗರು. ಹೋದ ಸೀಸನ್ನಿನಲ್ಲಿ ಚೆನ್ನಾಗಿ ಸೋತವರು ಸಾಲಿನಲ್ಲಿ ಮುಂದೆ. ಹಾಗಾದರೆ ಬೇಕೆಂದೇ ಸೋಲುತ್ತಾರಲ್ಲ ಎನ್ನುತ್ತೀರಿ. ಸೋಲುತ್ತಾರೆ ಎಂಬ ಗುಮಾನಿ ಇದ್ದದ್ದರಿಂದಲೇ 1995ರಲ್ಲಿ ಲಾಟರಿ ತಂದರು. ಹದಿನಾಲ್ಕು ಚೆಂಡು ಯಂತ್ರಕ್ಕೆ ಹಾಕಿ ನಾಲ್ಕು ಎತ್ತುತ್ತಾರೆ. ಕಟ್ಟಕಡೆಯ ಸ್ಥಾನಕ್ಕಾಗಿ ವರ್ಷವಿಡೀ ಬೆವರು ಸುರಿಸಿದ ತಂಡಕ್ಕೂ ಮೊದಲ ಆಯ್ಕೆ ಸಿಗುವ ಸಂಭವ 25.5 ಪ್ರತಿಶತ ಮಾತ್ರ. 2025ರಲ್ಲಿ 3.5 ಪ್ರತಿಶತ ಅವಕಾಶವಿದ್ದ ನ್ಯೂಯಾರ್ಕ್ ಐಲ್ಯಾಂಡರ್ಸ್ ಹತ್ತನೆಯ ಜಾಗದಿಂದ ಮೊದಲಿಗೆ ಜಿಗಿದು ಮ್ಯಾಥ್ಯೂ ಶೇಫರ್ ಎಂಬ ಹುಡುಗನನ್ನು ಎತ್ತಿಕೊಂಡಿತು. ಜೋಯಿಸರು ಇದನ್ನು ಕಾಗದದ ಕರವಸ್ತ್ರದ ಮೇಲೆ ಲೆಕ್ಕ ಹಾಕಿ ತೋರಿಸುತ್ತಾರೆ. ಎದುರು ಕೂತವರ ಕರವಸ್ತ್ರವನ್ನೂ ತೆಗೆದುಕೊಳ್ಳುತ್ತಾರೆ.

ಅವರ ಭವಿಷ್ಯವಾಣಿಯ ಶೈಲಿ ಕೇಳಬೇಕು. 'ಈ ಹುಡುಗನ ಸೀಲಿಂಗ್ ಬಹಳ ಎತ್ತರ, ಆದರೆ ಫ್ಲೋರ್ ತಗ್ಗು.' ಅಂದರೆ ತುಂಬ ಚೆನ್ನಾಗಿ ಆಡಬಹುದು, ಆಡದೆಯೂ ಇರಬಹುದು. 'ಸರಿಯಾದ ತಂಡಕ್ಕೆ ಹೋದರೆ ಬೆಳಗುತ್ತಾನೆ.' ಬೆಳಗದಿದ್ದರೆ ತಂಡ ಸರಿಯಿಲ್ಲ. 'ಮೋಟರ್ ನಿಲ್ಲುವುದೇ ಇಲ್ಲ' ಎಂದರೆ ಓಡುತ್ತಾನೆ, ಗೋಲು ಹೊಡೆಯುವುದಿಲ್ಲ. ಇಷ್ಟು ವರ್ಷದಲ್ಲಿ ಸುಳ್ಳಾಗಬಲ್ಲ ಒಂದು ವಾಕ್ಯವೂ ಅವರ ಬಾಯಿಂದ ಬಂದದ್ದಿಲ್ಲ. ಸ್ವೀಡನ್ನಿನ ಯಾವುದೋ ಊರಿನ ಹುಡುಗ ತಿರುಗುವಾಗ ಎಡ ಮೊಣಕಾಲು ಎಷ್ಟು ಬಾಗುತ್ತದೆ ಎಂಬುದು ಅವರಿಗೆ ಗೊತ್ತು. ಸ್ವಂತ ಮಗ ಯಾವ ಕಾಲೇಜಿಗೆ ಅರ್ಜಿ ಹಾಕಿದ್ದಾನೆಂದರೆ ಹೆಂಡತಿಗೆ ಫೋನ್ ಮಾಡಬೇಕು. ಆ ಮಗನಿಗೂ ಈಗ ಹದಿನೆಂಟೇ. ಮಧ್ಯಾಹ್ನ ಹನ್ನೆರಡಕ್ಕೆ ಏಳುತ್ತಾನೆ. 'ಅವನಿಗೆ ಸ್ವಲ್ಪ ಸಮಯ ಕೊಡಬೇಕು, ಅವಸರಪಡಿಸಿದರೆ ಕೆಡುತ್ತಾನೆ' ಎಂಬುದು ಜೋಯಿಸರ ಅಭಿಪ್ರಾಯ.

ಜೋಯಿಸರ ಎದುರಿಗೆ ಸದಾ ಒಬ್ಬ ಪ್ರತಿಜೋಯಿಸರು ಇರುತ್ತಾರೆ. ಅವರಿಬ್ಬರಿಗೂ 2010 ಎಂದರೆ ಸಾಕು, ಕಾಫಿ ಆರಿ ತಣ್ಣಗಾಗುತ್ತದೆ. ಆ ವರ್ಷ ಇಡೀ ಕೆನಡಾ ಎರಡು ಪಕ್ಷವಾಗಿತ್ತು: ಟೇಲರ್ ಹಾಲ್ ಪಕ್ಷ, ಟೈಲರ್ ಸೆಗಿನ್ ಪಕ್ಷ. ಮೊದಲ ಆಯ್ಕೆ ಎಡ್ಮಂಟನ್ನಿನದು, ಅವರು ಹಾಲ್ ಅನ್ನು ಎತ್ತಿದರು. ಎರಡನೆಯ ಆಯ್ಕೆ ನ್ಯಾಯವಾಗಿ ಟೊರಾಂಟೊದ್ದು. ಆದರೆ ಅದನ್ನು ಹಿಂದಿನ ವರ್ಷವೇ ಫಿಲ್ ಕೆಸೆಲ್ ಎಂಬ ಆಟಗಾರನಿಗಾಗಿ ಬಾಸ್ಟನ್‌ಗೆ ಬರೆದುಕೊಟ್ಟಾಗಿತ್ತು. ನಾವು ಗೆಲ್ಲುತ್ತೇವೆ, ಆಯ್ಕೆ ಯಾರಿಗೆ ಬೇಕು ಎಂಬ ಧೈರ್ಯ. ಗೆಲ್ಲಲಿಲ್ಲ. ಸೆಗಿನ್ ಬಾಸ್ಟನ್ ಪಾಲಾದ, ಬಾಸ್ಟನ್ 2011ರಲ್ಲಿ ಕಪ್ ಎತ್ತಿತು. ಅದೇ ವ್ಯಾಪಾರದಲ್ಲಿ ಕೊಟ್ಟಿದ್ದ 2011ರ ಮೊದಲ ಸುತ್ತಿನ ಆಯ್ಕೆಯೂ ಬಾಸ್ಟನ್ನಿನ ಕೈಸೇರಿತ್ತು. ಇಷ್ಟಾದ ಮೇಲೆ ಸೆಗಿನ್ ಪಕ್ಷ ಗೆದ್ದಿತು ಎನ್ನುವಿರಾ? ಬಾಸ್ಟನ್ 2013ರಲ್ಲಿ ಅವನನ್ನು ಡಾಲಸ್‌ಗೆ ಸಾಗಹಾಕಿತು. ಹಾಲ್ ಪಕ್ಷವೋ? ಎಡ್ಮಂಟನ್ 2016ರಲ್ಲಿ ಅವನನ್ನು ನ್ಯೂಜೆರ್ಸಿಗೆ ಕಳಿಸಿತು. ಅಲ್ಲಿ ಅವನು 2018ರಲ್ಲಿ ಲೀಗಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿ ಗೆದ್ದ. ಹೀಗೆ ಎರಡೂ ಪಕ್ಷದವರು ಗೆದ್ದು, ಎರಡೂ ಪಕ್ಷದವರು ಸೋತು, ಚರ್ಚೆ ಇಂದಿಗೂ ಹೊಸತಾಗಿಯೇ ಉಳಿದಿದೆ.

ಹುಡುಗನನ್ನು ಆರಿಸಿದರೆ ಮುಗಿಯಿತೆಂದುಕೊಂಡಿರಾ? ಅವನನ್ನು ಹೇಗೆ ಬಳಸಬೇಕೆಂಬುದು ಉತ್ತರಕಾಂಡ. ಹದಿನೆಂಟರ ಹುಡುಗ ಒಂಬತ್ತು ಪಂದ್ಯದವರೆಗೆ ಆಡಿದರೆ ಅವನ ಮೂರು ವರ್ಷದ ಕರಾರು ಶುರುವೇ ಆಗುವುದಿಲ್ಲ, ಮುಂದಿನ ವರ್ಷಕ್ಕೆ ಜಾರುತ್ತದೆ. ಹತ್ತನೆಯದಕ್ಕೆ ಇಳಿಸಿದಿರೋ, ಗಡಿಯಾರ ಓಡತೊಡಗುತ್ತದೆ. ಕೆನಡಾದ ಜೂನಿಯರ್ ಲೀಗಿನಿಂದ ಬಂದ ಹುಡುಗರಿಗೆ ಬಹುಕಾಲ ಇನ್ನೊಂದು ಕಟ್ಟಳೆಯೂ ಇತ್ತು: ಇಪ್ಪತ್ತರೊಳಗೆ ಒಂದೋ ಎನ್‌ಎಚ್‌ಎಲ್‌ನಲ್ಲಿ ಆಡಬೇಕು, ಇಲ್ಲವೆ ಹಳೆಯ ಜೂನಿಯರ್ ತಂಡಕ್ಕೆ ಮರಳಬೇಕು. ನಡುವಿನ ಮೆಟ್ಟಿಲಾದ ಅಮೆರಿಕನ್ ಹಾಕಿ ಲೀಗಿಗೆ ಪ್ರವೇಶವಿರಲಿಲ್ಲ. ಆದ್ದರಿಂದ ಪ್ರತಿ ಅಕ್ಟೋಬರ್‌ನಲ್ಲಿ ಒಂಬತ್ತನೆಯ ಪಂದ್ಯ ಮುಗಿದ ರಾತ್ರಿ ಜೋಯಿಸರಿಗೆ ನಿದ್ದೆಯಿಲ್ಲ.

'ಮೇಲೇ ಇಟ್ಟುಕೊಳ್ಳಬೇಕು' ಎಂದು ಪ್ರತಿಜೋಯಿಸರು ಮೇಜು ಗುದ್ದುತ್ತಾರೆ. ಜೋ ಥಾರ್ನ್‌ಟನ್ 1997ರ ಮೊದಲ ಆಯ್ಕೆ. ಬಾಸ್ಟನ್ ಅವನನ್ನು ಹದಿನೆಂಟಕ್ಕೇ ಇಟ್ಟುಕೊಂಡು ಹೆಚ್ಚಾಗಿ ಬೆಂಚಿನ ಮೇಲೆ ಕೂರಿಸಿತು. ಮೊದಲ ಸೀಸನ್ನಿನಲ್ಲಿ 55 ಪಂದ್ಯ, ಮೂರೇ ಗೋಲು. ಆ ಹುಡುಗನೇ 2006ರಲ್ಲಿ ಹಾರ್ಟ್ ಟ್ರೋಫಿ ಗೆದ್ದ. 'ಕೆಳಗೆ ಕಳಿಸಬೇಕು' ಎಂದು ನಮ್ಮ ಜೋಯಿಸರು ಮರುಗುದ್ದುತ್ತಾರೆ. ಲಿಯಾನ್ ಡ್ರೈಸೈಟಲ್ 2014ರಲ್ಲಿ ಮೂರನೆಯ ಆಯ್ಕೆ. ಎಡ್ಮಂಟನ್ 37 ಪಂದ್ಯ ಆಡಿಸಿ, ಆಗುವುದಿಲ್ಲವೆಂದು ಜೂನಿಯರ್ ಹಾಕಿಗೆ ವಾಪಸು ಕಳಿಸಿತು. ಅವನೂ 2020ರಲ್ಲಿ ಅದೇ ಟ್ರೋಫಿ ಗೆದ್ದ. ಇಟ್ಟುಕೊಂಡರೂ ಗೆದ್ದ, ಕಳಿಸಿದರೂ ಗೆದ್ದ ಎಂದಮೇಲೆ ಇಟ್ಟುಕೊಳ್ಳುವುದಕ್ಕೂ ಕಳಿಸುವುದಕ್ಕೂ ಏನು ವ್ಯತ್ಯಾಸ ಎಂದು ನಾನೊಮ್ಮೆ ಕೇಳಿದೆ. ಇಬ್ಬರೂ ಒಟ್ಟಾಗಿ ನನ್ನ ಕಡೆ ತಿರುಗಿದರು. ಅವರು ಒಂದೇ ಪಕ್ಷಕ್ಕೆ ಸೇರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಗೋಲ್‌ಕೀಪರ್ ವಿಷಯದಲ್ಲಿ ಮಾತ್ರ ಜೋಯಿಸರದು ಅಚಲ ನಿಷ್ಠೆ: ಮೊದಲ ಆಯ್ಕೆಯಲ್ಲಿ ಗೋಲಿ ಬೇಡ. 2000ದಲ್ಲಿ ಐಲ್ಯಾಂಡರ್ಸ್ ತಂಡ ರಿಕ್ ಡಿಪಿಯೆಟ್ರೊನನ್ನು ಮೊದಲಿಗೆ ಎತ್ತಲು ಹೊರಟು, ತನ್ನಲ್ಲೇ ಇದ್ದ ರೊಬೆರ್ಟೊ ಲುವಾಂಗೊನನ್ನು ಅದೇ ದಿನ ಫ್ಲಾರಿಡಾಗೆ ಬಿಟ್ಟುಕೊಟ್ಟಿತು. 2006ರಲ್ಲಿ ಡಿಪಿಯೆಟ್ರೊಗೆ 15 ವರ್ಷದ ಕರಾರು, 67.5 ಮಿಲಿಯನ್ ಡಾಲರ್. ಗಾಯದ ಮೇಲೆ ಗಾಯ. 2013ರಲ್ಲಿ ಕರಾರು ಮುರಿದುಕೊಂಡರು. ಆಡದ ಆಟಕ್ಕೆ ವರ್ಷಕ್ಕೆ 1.5 ಮಿಲಿಯನ್ ಡಾಲರಿನಂತೆ 2029ರವರೆಗೆ ಕೊಡಬೇಕು. ಲುವಾಂಗೊ ಹಾಲ್ ಆಫ್ ಫೇಮ್ ಸೇರಿದ. 2003ರಲ್ಲಿ ಪಿಟ್ಸ್‌ಬರ್ಗ್ ಕೂಡ ಮೊದಲಿಗೆ ಗೋಲಿಯನ್ನೇ ಎತ್ತಿತ್ತಲ್ಲ, ಆ ಫ್ಲೂರಿ ಅಲ್ಲಿ ಮೂರು ಕಪ್ ಕಂಡನಲ್ಲ ಎಂದರೆ ಜೋಯಿಸರು ಕಾಫಿಗೆ ಸಕ್ಕರೆ ತರಲು ಎದ್ದು ಹೋಗುತ್ತಾರೆ. ಅವರು ಸಕ್ಕರೆ ಹಾಕಿಕೊಳ್ಳುವವರಲ್ಲ.

2022 ಅವರ ಬಾಳಿನ ಕಠಿಣ ವರ್ಷ. ಶೇನ್ ರೈಟ್ ಎಂಬ ಹೆಸರನ್ನು ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ಶಾಯಿಯಲ್ಲೇ ಬರೆದಿದ್ದರು. ಡ್ರಾಫ್ಟ್ ನಡೆದದ್ದು ಮಾಂಟ್ರಿಯಲ್‌ನಲ್ಲಿ, ಮೊದಲ ಆಯ್ಕೆಯೂ ಮಾಂಟ್ರಿಯಲ್‌ನದೇ. ವೇದಿಕೆಯಿಂದ ಕೇಳಿದ್ದು ಯುರಾಯ್ ಸ್ಲಾಫ್ಕೊವ್‌ಸ್ಕಿ ಎಂಬ ಸ್ಲೊವಾಕಿಯಾದ ಹುಡುಗನ ಹೆಸರು. ರೈಟ್ ನಾಲ್ಕನೆಯವನಾಗಿ ಸಿಯಾಟಲ್‌ಗೆ ಇಳಿದ. ಸ್ಲಾಫ್ಕೊವ್‌ಸ್ಕಿ ಮೊದಲ ಸೀಸನ್ನಿನಲ್ಲಿ 39 ಪಂದ್ಯ ಆಡಿ ಗಾಯಗೊಂಡಾಗ ಜೋಯಿಸರು 'ಬಸ್ಟ್', ಅಂದರೆ ಠುಸ್, ಎಂದು ಷರಾ ಬರೆದರು. ಮರುವರ್ಷ ಅವನು 20 ಗೋಲು ಹೊಡೆದ. 'ಈ ಹುಡುಗನಲ್ಲಿ ಏನೋ ಇದೆ ಅಂತ ನಾನು ಆಗಲೇ ಅಂದಿದ್ದೆ' ಎಂದರು. ಆ ಪುಟ ಈಗ ನೋಟ್‌ಬುಕ್ಕಿನಲ್ಲಿ ಇಲ್ಲ.

ಜೋಯಿಸರ ಶಿಷ್ಯವರ್ಗದಲ್ಲಿ ನಮ್ಮವನೊಬ್ಬ ಇದ್ದಾನೆ, ಮಿಸಿಸಾಗದ ಸಾಫ್ಟ್‌ವೇರ್ ಹುಡುಗ, ಮೂಲ ಬೆಂಗಳೂರು. 'ಈ ಸಲ ಕಪ್ ನಮ್ದೇ' ಎಂದು ಹದಿನೆಂಟು ಸೀಸನ್ ಕಾಯಲು ಕಲಿತವನಿಗೆ ಟೊರಾಂಟೊ ಪರಕೀಯವೆನ್ನಿಸಲಿಲ್ಲ. 2025ರ ಜೂನ್ 3ರಂದು ಆರ್‌ಸಿಬಿ ನಿಜವಾಗಿಯೂ ಐಪಿಎಲ್ ಗೆದ್ದಮೇಲೆ ಅವನಿಗೆ ಅಪಾಯಕಾರಿ ಮಟ್ಟದ ಭರವಸೆ ಬಂದಿದೆ. ಜೋಯಿಸರು ಅವನನ್ನು ಅನುಕಂಪದಿಂದ ನೋಡುತ್ತಾರೆ. ಹದಿನೆಂಟು ವರ್ಷ ಅವರ ದೃಷ್ಟಿಯಲ್ಲಿ ಬಾಲ್ಯ.

ಈ ಶಿಷ್ಯನೇ ಒಮ್ಮೆ ತಡೆಯಲಾರದೆ ಕೇಳಿದ: 'ಸರ್, ಡೆಟ್ರಾಯ್ಟ್ ತಂಡದ ಪಾವೆಲ್ ದತ್ಸ್ಯೂಕ್ 1998ರಲ್ಲಿ 171ನೆಯ ಆಯ್ಕೆ. ಹೆನ್ರಿಕ್ ಸೆಟೆರ್‌ಬರಿ 1999ರಲ್ಲಿ 210ನೆಯವನು. ಇಬ್ಬರೂ ಸೇರಿ 2008ರಲ್ಲಿ ಕಪ್ ಗೆದ್ದರು. ಡೆಟ್ರಾಯ್ಟ್‌ಗೆ ಹುಡುಗರನ್ನು ಹುಡುಕುವ ಸ್ಕೌಟುಗಳು ಅಷ್ಟು ಜಾಣರೆ?' ಜೋಯಿಸರು ಕಪ್ ಕೆಳಗಿಟ್ಟರು. 'ಜಾಣರಾಗಿದ್ದರೆ 171ರವರೆಗೆ ಯಾಕೆ ಕಾಯುತ್ತಿದ್ದರು?' ನನಗೆ ಕೇಳಿದರೆ, ಅವರು ಆಡಿದ ಮಾತುಗಳಲ್ಲಿ ಚಿನ್ನದಂಥದ್ದು ಅದೊಂದೇ. ಆಡಿದವರಿಗೇ ಅದರ ಅರ್ಥ ಹೊಳೆದಂತೆ ಕಾಣಲಿಲ್ಲ. ಮರುಕ್ಷಣವೇ ಮುಂದಿನ ವರ್ಷದ ಏಳನೆಯ ಸುತ್ತಿನ ಬಗ್ಗೆ ಮಾತು ತೆಗೆದರು.

ಇಷ್ಟೆಲ್ಲ ನಡೆಯುವಾಗ ಆ ಹುಡುಗರು ಏನು ಮಾಡುತ್ತಿರುತ್ತಾರೆ? 2025ರ ಡ್ರಾಫ್ಟ್‌ಗೆ ಹುಡುಗರು ಲಾಸ್ ಏಂಜಲೀಸಿನಲ್ಲಿ ಸೂಟು ತೊಟ್ಟು ಕೂತಿದ್ದರು. ಬ್ರೇಡಿ ಮಾರ್ಟಿನ್ ಅಲ್ಲಿರಲಿಲ್ಲ. ಅವನು ಒಂಟಾರಿಯೊದ ಎಲ್ಮೈರಾದಲ್ಲಿ, ಮನೆಯವರ ಜಮೀನಿನಲ್ಲೇ ಉಳಿದಿದ್ದ. ನ್ಯಾಶ್‌ವಿಲ್ ತಂಡ ಅವನನ್ನು ಐದನೆಯವನಾಗಿ ಆರಿಸಿತು. ಅವನನ್ನು ಸೆಂಟರ್‌ನಲ್ಲಿ ಆಡಿಸಬೇಕೋ ವಿಂಗ್‌ನಲ್ಲೋ ಎಂದು ಮೂಲೆಯ ಮೇಜು ಅಂಗಡಿ ಮುಚ್ಚುವವರೆಗೆ ಜಗಳವಾಡಿತು.

ಜೋಯಿಸರ ನೋಟ್‌ಬುಕ್ಕಿನಲ್ಲಿ ಒಂದೇ ಒಂದು ಟೀಕೆಯಿಲ್ಲದ ಆಟಗಾರ ಒಬ್ಬನಿದ್ದಾನೆ: ಟಾರೊ ತ್ಸುಜಿಮೊಟೊ. 1974ರಲ್ಲಿ ಡ್ರಾಫ್ಟ್ ಅನ್ನು ಗುಟ್ಟಾಗಿ ಫೋನಿನ ಮೇಲೆ, ದಿನಗಟ್ಟಲೆ ಎಳೆದಾಡಿ ನಡೆಸಿದರು. ಬೇಸತ್ತ ಬಫಲೊ ತಂಡದ ಮ್ಯಾನೇಜರ್ ಪಂಚ್ ಇಮ್ಲಾಕ್ ಹನ್ನೊಂದನೆಯ ಸುತ್ತಿನಲ್ಲಿ, 183ನೆಯ ಆಯ್ಕೆಯಾಗಿ, ಜಪಾನಿನ ಟೋಕಿಯೊ ಕಟಾನಾಸ್ ತಂಡದ ಈ ಆಟಗಾರನ ಹೆಸರು ಹೇಳಿದ. ಲೀಗು ಬರೆದುಕೊಂಡಿತು, ಪತ್ರಿಕೆಗಳು ಅಚ್ಚು ಹಾಕಿದವು. ಅಂಥ ತಂಡವೂ ಇರಲಿಲ್ಲ, ಅಂಥ ಆಟಗಾರನೂ ಹುಟ್ಟಿರಲಿಲ್ಲ.