ಗಬ್ಬರ್‌ಗೆ ಬಿ.ಪಿ.

ರಾಮನಗರದ ಆಸುಪಾಸಿನಲ್ಲಿ ಎಪ್ಪತ್ತು ದಾಟಿದ ಯಾವ ಗಂಡಸನ್ನು ಮಾತಾಡಿಸಿದರೂ ಅವನು ‘ಶೋಲೆ’ಯಲ್ಲಿ ಪಾರ್ಟು ಮಾಡಿದವನೇ. 1973ರಲ್ಲಿ ರಾಮದೇವರ ಬೆಟ್ಟದ ಬುಡದಲ್ಲಿ ರಾಮಗಢವೆಂಬ ಊರನ್ನೇ ಎಬ್ಬಿಸಿ ಶೂಟಿಂಗ್ ಶುರುಮಾಡಿದ ನಿರ್ದೇಶಕ ಸಿಪ್ಪಿಯವರು ಇಷ್ಟು ಜನರನ್ನು ಯಾವ ಮೂಲೆಯಲ್ಲಿ ನಿಲ್ಲಿಸಿಕೊಂಡರೋ! ನಮ್ಮ ತಾತನೂ ಅದರಲ್ಲಿದ್ದಾರಂತೆ, ಕುದುರೆಗಳು ಎಬ್ಬಿಸಿದ ಧೂಳಿನ ಹಿಂದೆ. ಧೂಳು ಒಂಚೂರು ಕಮ್ಮಿಯಾಗಿದ್ದರೆ ಕಾಣುತ್ತಿದ್ದರು.

ಈ ಕಲಾಸೇವೆಯ ನೆನಪಿಗೆ, ಕನಕಪುರದ ಕಡೆಯ ನಮ್ಮ ಮನೆ ಸೇರಿದ ಬೆಕ್ಕಿನ ಮರಿಗೆ ತಾತ ಆ ಸಿನಿಮಾದ ಡಕಾಯಿತ ಗಬ್ಬರ್‌ನ ಹೆಸರಿಟ್ಟರು. ಕಪ್ಪು, ಬಿಳಿ, ಕೇಸರಿ ಮೂರೂ ಬಣ್ಣ ಮೈಮೇಲೆ ಚೆಲ್ಲಿಕೊಂಡ ಮರಿ. ಕಪ್ಪೂ ಕೇಸರಿಯೂ ಒಂದೇ ಮೈಮೇಲೆ ಬರಬೇಕಾದರೆ ಎರಡು ಎಕ್ಸ್ ಕ್ರೋಮೋಸೋಮು ಬೇಕು, ಹಾಗಾಗಿ ಮೂರು ಬಣ್ಣದ ಬೆಕ್ಕು ಹೆಚ್ಚುಕಮ್ಮಿ ಯಾವಾಗಲೂ ಹೆಣ್ಣೇ. ಈ ವಿಜ್ಞಾನ ನಮ್ಮ ಮನೆ ಮುಟ್ಟುವಷ್ಟರಲ್ಲಿ ಗಬ್ಬರ್ ಎರಡು ಬಾಣಂತನ ಮುಗಿಸಿಯಾಗಿತ್ತು.

ರೇಷ್ಮೆ ಸಾಕುವ ಮನೆಯಲ್ಲಿ ಬೆಕ್ಕಿಗೆ ಸಂಬಳವಿಲ್ಲ, ಹುದ್ದೆಯಿದೆ. ನಾಲ್ಕನೇ ಸಲ ಪೊರೆ ಕಳಚಿ ‘ಜ್ವರ’ ಎದ್ದ ಹುಳು ಹಗಲು ರಾತ್ರಿಯೆನ್ನದೆ ಸೊಪ್ಪು ಮೇದು ಬೆರಳಿನ ಗಾತ್ರಕ್ಕೆ ಬೆಳೆದಾಗ ಇಲಿಗಳಿಗೆ ಅದು ಹಬ್ಬದೂಟ. ಗೂಡು ಕಟ್ಟಿದ ಮೇಲೂ ಬಿಡವು. ಕಚ್ಚಿ ತೂತು ಮಾಡಿದ ಗೂಡನ್ನು ರಾಮನಗರದ ಮಾರುಕಟ್ಟೆಗೆ ಒಯ್ದರೆ ನೂಲು ಬಿಚ್ಚುವ ರೀಲರುಗಳು ಮೂಸಿಯೂ ನೋಡುವುದಿಲ್ಲ. ಜಪಾನಿನ ರೇಷ್ಮೆ ರೈತರು ಇದೇ ಉಪಕಾರಕ್ಕೆ ಬೆಕ್ಕಿಗೆ ಗುಡಿಯನ್ನೇ ಕಟ್ಟಿದ್ದಾರೆ. ನಮ್ಮಲ್ಲಿ ಗುಡಿಯಿಲ್ಲ, ಹುಳುಮನೆಯ ಹೊಸ್ತಿಲ ಪಕ್ಕ ಒಂದು ಗೋಣಿಚೀಲವುಂಟು. ರಾತ್ರಿ ಪಾಳಿಯೆಲ್ಲ ಗಬ್ಬರ್ ಅದರ ಮೇಲೆಯೇ.

ಇಂಥ ಗಬ್ಬರ್ ಮುಪ್ಪಿನಲ್ಲಿ, ಹಿಂದಿನ ದಿನದವರೆಗೂ ಕಾಂಪೌಂಡ್ ಹಾರುತ್ತಿದ್ದವಳು, ಬೆಳಗಾಗೆದ್ದು ಗೋಡೆಗೆ ಒರಗಿಸಿದ್ದ, ಹುಳು ಗೂಡು ಕಟ್ಟುವ ಚಂದ್ರಿಕೆಗೆ ಹೋಗಿ ಮುಖ ಹೊಡೆದುಕೊಂಡಳು. ಹಿಂದೆ ಸರಿದು, ತಿರುಗಿ, ನೀರಿನ ಹಂಡೆಗೂ ಹೊಡೆದುಕೊಂಡಳು. ಅಂಗಳದ ನಡುವೆ ಕೂತು ಕೂಗತೊಡಗಿದಳು. ಬಿಸಿಲಿಗೆ ಗೆರೆಯಷ್ಟೇ ಆಗಬೇಕಾದ ಕಣ್ಣಪಾಪೆ ನಡುಮಧ್ಯಾಹ್ನದಲ್ಲೂ ಕಣ್ತುಂಬ ಕಪ್ಪಗೆ ಅರಳಿ ನಿಂತಿತ್ತು. ತಾತ ಬಗ್ಗಿ ನೋಡಿ, “ಗಬ್ಬರ್ ಹೋಗಿ ಇಮಾಮ್ ಸಾಹೇಬ ಆಗ್ಬುಟ್ಟೈತೆ ಕಣವ್ವ” ಅಂದರು. ಶೋಲೆಯಲ್ಲಿ ಎ.ಕೆ. ಹಂಗಲ್ ಮಾಡಿದ ಕುರುಡು ಮುದುಕನ ಪಾತ್ರ ಅದು. ನಗಬೇಕೋ ಅಳಬೇಕೋ ತಿಳಿಯದೆ ಚಿಕ್ಕವ್ವ ಬೆಕ್ಕನ್ನೆತ್ತಿ ಸೆರಗಿನಲ್ಲಿ ಸುತ್ತಿಕೊಂಡರು.

ಸುದ್ದಿ ಮಾಗಡಿಯ ನೆಂಟರಿಗೂ ಮುಟ್ಟಿತು. ಬೆಕ್ಕು ಅಡ್ಡ ಹೋದರೆ ನೀರು ಕುಡಿದು, ಚಪ್ಪಲಿ ಬಿಟ್ಟು, ಮತ್ತೆ ಹಾಕಿಕೊಂಡು ಹೊರಡುವ ಜನ ಅವರು. ಆದರೂ ಫೋನಿನಲ್ಲೇ ನಂದಿಬಟ್ಟಲ ಹೂವಿನ ರಸ ಹೇಳಿದರು, ತುಂಬೆರಸ ಹೇಳಿದರು. ತಾಲ್ಲೂಕಿನ ಪಶು ಡಾಕ್ಟರು ಟಾರ್ಚು ಬಿಟ್ಟು ನೋಡಿ ಬೇರೆಯೇ ಮಾತು ಹೇಳಿದರು: ಕಣ್ಣಿನ ಮುಂಭಾಗ ಚೆನ್ನಾಗಿಯೇ ಇದೆ, ರಸ ಬಿಟ್ಟು ಉರಿ ಹತ್ತಿಸಬೇಡಿ, ಕೆಟ್ಟಿರುವುದು ಹಿಂದಿನ ಪರದೆ, ವಯಸ್ಸಾದ ಬೆಕ್ಕಿಗೆ ದಿಢೀರನೆ ಹೀಗಾದರೆ ಮೊದಲು ಅಳೆಯಬೇಕಾದ್ದು ಬಿ.ಪಿ., ಬೆಂಗಳೂರಿಗೆ ಇವತ್ತೇ ಹೋಗಿ.

“ಬೆಕ್ಕಿಗೂ ಬಿ.ಪಿ.ನಾ? ಅದಕ್ಯಾವ ಸಾಲ, ಅದಕ್ಯಾವ ಕೋರ್ಟು ಕಚೇರಿ?” ಅಂದರು ತಾತ. ಅವರಿಗೆ ಇರುವ ಬಿ.ಪಿ.ಗೆ ಎರಡೂ ಕಾರಣವೆಂದು ಅವರ ನಂಬಿಕೆ. ಉಪ್ಪಿನಕಾಯಿಯ ಹೆಸರು ಎತ್ತುವ ಹಾಗಿಲ್ಲ.

ಬೆಂಗಳೂರಿನ ಬಸ್ಸಿನಲ್ಲಿ ಕಂಡಕ್ಟರು ಮಂಕರಿಯ ಮೇಲಿನ ಬಟ್ಟೆ ಸರಿಸಿ ನೋಡಿ, “ಬೆಕ್ಕಿಗೆ ಟಿಕೆಟ್ ತಗೋಬೇಕಮ್ಮ” ಅಂದರು.

“ಹೆಣ್ ಬೆಕ್ಕು ಕಣಪ್ಪ. ಹೆಂಗಸ್ರಿಗೆ ಫ್ರೀ ಅಲ್ವಾ?” ಅಂದರು ಚಿಕ್ಕವ್ವ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಅವರು ಟಿಕೆಟಿಗೆಂದು ಕಾಸು ಬಿಚ್ಚಿದವರಲ್ಲ.

“ಆಧಾರ್ ಕಾರ್ಡ್ ತೋರ್ಸ್ಲಿ. ಹೆಸರೇನು?”

“ಗಬ್ಬರ್.”

ಕೇಸು ಅಲ್ಲಿಗೇ ಬಿದ್ದುಹೋಯಿತು. ಟಿಕೆಟ್ ಕೊಂಡೆವು.

ಬೆಕ್ಕಿನ ಬಿ.ಪಿ. ನೋಡುವ ಕ್ರಮವೇ ಚೆಂದ. ಬಂದ ಕೂಡಲೇ ಪಟ್ಟಿ ಸುತ್ತುವಂತಿಲ್ಲ. ಹೊಸ ಜಾಗದ ಗಾಬರಿಗೇ ಏರಿಬಿಡುತ್ತದೆ. ನಾಯಿ ಬೊಗಳು ಕೇಳದ ಕೋಣೆಯಲ್ಲಿ ಹತ್ತು ನಿಮಿಷ ಸುಮ್ಮನೆ ಕೂರಿಸಿ, ಸವರಿ, ಆಮೇಲೆ ಮುಂಗಾಲಿಗೋ ಬಾಲಕ್ಕೋ ಎರಡು ಬೆರಳಗಲದ ಪಟ್ಟಿ ಸುತ್ತುತ್ತಾರೆ. ಒಂದು ಸಲ ಅಳೆದು ಬಿಡುವುದಿಲ್ಲ, ಮತ್ತೆ ಮತ್ತೆ ಅಳೆದು ಸರಾಸರಿ ತೆಗೆಯುತ್ತಾರೆ. ಮೇಲಿನ ಅಂಕಿ 160 ದಾಟಿದರೆ ಚಿಂತೆ, 180 ದಾಟಿದರೆ ಕಣ್ಣು, ಮೆದುಳು, ಹೃದಯ, ಮೂತ್ರಪಿಂಡ ನಾಲ್ಕಕ್ಕೂ ಅಪಾಯ. ಗಬ್ಬರ್‌ದು 200ರ ಮೇಲಿತ್ತು. ರಕ್ತದ ಒತ್ತಡಕ್ಕೆ ಸಣ್ಣ ನಾಳಗಳು ಸೋರಿ, ಗೋಡೆಯ ಹಳೇ ಸುಣ್ಣ ಹಕ್ಕಳೆಯೆದ್ದ ಹಾಗೆ ಎರಡೂ ಕಣ್ಣಿನ ಪರದೆ ಕಳಚಿಕೊಂಡಿದ್ದವು. ಬೆಕ್ಕುಗಳಲ್ಲಿ ಇದರ ಬೇರು ಬಹಳ ಸಲ ಸೊರಗಿದ ಮೂತ್ರಪಿಂಡದಲ್ಲೋ ಮಿತಿಮೀರಿದ ಥೈರಾಯ್ಡಿನಲ್ಲೋ ಇರುತ್ತದೆ, ಗಬ್ಬರ್‌ಗೆ ಮೊದಲನೆಯದು. ಪರದೆ ಮತ್ತೆ ಕೂತರೂ ಕೂತೀತು, ನೋಟ ಬರುವುದು ಕಷ್ಟ ಎಂದರು ಡಾಕ್ಟರು.

ಬರೆದುಕೊಟ್ಟ ಮಾತ್ರೆ ಅಮ್ಲೋಡಿಪಿನ್. ಚೀಟಿ ನೋಡಿ ಚಿಕ್ಕವ್ವ, “ಇದು ನಮ್ ಮಾವಂದಲ್ವಾ?” ಅಂದರು. ಅದೇ! ತಾತನಿಗೆ 5 ಮಿಲಿಗ್ರಾಂ, ಬೆಕ್ಕಿಗೆ 0.625, ಅಂದರೆ ಸರಿಯಾಗಿ ಎಂಟರಲ್ಲೊಂದು ಪಾಲು. ಮನುಷ್ಯರ ಮಾತ್ರೆ ಬೆಕ್ಕಿಗೂ ಆಗುತ್ತದೆಂದು ಹಿಗ್ಗಬಾರದು, ಜ್ವರಕ್ಕೆ ನಾವು ನುಂಗುವ ಪ್ಯಾರಸಿಟಮಾಲ್ ಒಂದೇ ಸಾಕು ಬೆಕ್ಕನ್ನು ಕೊಲ್ಲಲು, ಎಂದು ಡಾಕ್ಟರು ಎರಡೆರಡು ಸಲ ಹೇಳಿ ಕಳಿಸಿದರು. 2.5ರ ಮಾತ್ರೆಯನ್ನು ಚಿಕ್ಕವ್ವ ಅಡಕತ್ತರಿಯಲ್ಲಿ ನಾಲ್ಕು ಹೋಳು ಮಾಡುತ್ತಾರೆ. ಅಡಕೆ ಹೋಳು ಅಷ್ಟು ಸಮನಾಗಿ ಬಿದ್ದದ್ದನ್ನು ನಾನು ಕಂಡಿಲ್ಲ.

ಕಣ್ಣು ಕಾಣದ ಬೆಕ್ಕಿರುವ ಮನೆಯಲ್ಲಿ ಸಾಮಾನು ಜರುಗಿಸಬೇಡಿ ಎಂಬುದು ಡಾಕ್ಟರ ಇನ್ನೊಂದು ಮಾತು. ಬೆಂಗಳೂರಿನ ಫ್ಲ್ಯಾಟಿನವರಿಗೆ ಸುಲಭ. ರೇಷ್ಮೆ ಮನೆಯಲ್ಲಿ ಜರುಗದೆ ನಿಲ್ಲುವುದು ಗೋಡೆ ಮಾತ್ರ! ಇವತ್ತು ಹಜಾರದಲ್ಲಿ ಸೊಪ್ಪಿನ ಹೊರೆ, ನಾಳೆ ಅಲ್ಲೇ ಚಂದ್ರಿಕೆ, ನಾಡಿದ್ದು ಗೂಡಿನ ರಾಶಿ. ಅದಕ್ಕಿಂತ ಕಷ್ಟ ಬೆಳೆ ಬೆಳೆಗೂ ನಡುವೆ ಬ್ಲೀಚಿಂಗ್ ಪೌಡರ್ ಹೊಡೆದು ತೊಳೆಯುವುದು. ಕುರುಡು ಬೆಕ್ಕು ಮನೆಯ ನಕ್ಷೆಯನ್ನು ಮೂಗಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ನಾವು ತಿಂಗಳೊಪ್ಪತ್ತಿಗೊಮ್ಮೆ ಅದನ್ನು ಒರೆಸಿ ಹಾಕುತ್ತಿದ್ದೆವು.

ಚಿಕ್ಕವ್ವ ಹೂಡಿದ ಉಪಾಯ ಇದು: ಅಡುಗೆಮನೆಯಿಂದ ಹುಳುಮನೆಯ ಹೊಸ್ತಿಲವರೆಗೆ ಗೋಡೆಗುಂಟ ಹಳೇ ಗೋಣಿಚೀಲದ ದಾರಿ. ಗೋಣಿ ಪಾದಕ್ಕೆ ಒರಟು, ಮೂಗಿಗೆ ಗಬ್ಬರ್‌ದೇ ವಾಸನೆ. ಆ ದಾರಿಯ ಮೇಲೆ ಯಾರೂ ಏನನ್ನೂ ಇಡಕೂಡದು. ತಾತನ ಚಪ್ಪಲಿಗೆ ಮೊದಲ ಬಾರಿಗೆ ಒಂದು ಜಾಗ ಗೊತ್ತಾಯಿತು. ಮೊಮ್ಮಕ್ಕಳ ಸೈಕಲ್ಲು ಅಂಗಳ ದಾಟಿ ಒಳಗೆ ಬರುವುದು ನಿಂತಿತು. ಮದುವೆಯಾಗಿ ಬಂದಾಗಿನಿಂದ ಚಿಕ್ಕವ್ವ ಬಾಯಿ ಬಡಿದುಕೊಂಡರೂ ಆಗದ ಕೆಲಸಗಳಿವು.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬುದು ಇಲಿಗಳ ಪ್ರಶ್ನೆ. ನಾವು ತಾತನ ಊರುಗೋಲಿಗೆ ಗೆಜ್ಜೆ ಕಟ್ಟಿದೆವು, ಅವರು ಬರುವುದು ಬೆಕ್ಕಿಗೆ ತಿಳಿಯಲೆಂದು. ಮುಟ್ಟುವ ಮುಂಚೆ ಮಾತಾಡಿಸಬೇಕು ಎಂಬ ನೇಮ ಬೇರೆ. “ನಾನು ಕಣವ್ವ ಗಬ್ಬರ್” ಎಂದು ತಾತ ಈಗ ಹೊತ್ತಿಗೆ ಹತ್ತು ಸಲ ಬೆಕ್ಕಿಗೆ ಹೇಳಿಕೊಳ್ಳುತ್ತಾರೆ. ಸ್ವಂತ ಮಗನ ಜೊತೆ ಅವರು ಇಷ್ಟು ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಆಡಲಿಕ್ಕೆಂದು ನಾನು ಚನ್ನಪಟ್ಟಣದಿಂದ ಆಲೆಮರದ, ಅರಗಿನ ಬಣ್ಣದ ಗಿಲಕಿ ತಂದುಕೊಟ್ಟೆ. ಜಿ.ಐ. ಮಾನ್ಯತೆ ಪಡೆದ ಆ ಕಲಾಕೃತಿಯನ್ನು ಗಬ್ಬರ್ ಒಮ್ಮೆ ಮೂಸಿ, ಒಣಗಿದ ಹಿಪ್ಪುನೇರಳೆ ಕಡ್ಡಿಯೇ ವಾಸಿ ಎಂದು ತೀರ್ಮಾನಿಸಿದಳು. ಅರವತ್ತು ಸಾವಿರ ಹರ್ಟ್ಜಿನವರೆಗೆ ಕೇಳುವ ಕಿವಿಗೆ, ಇಪ್ಪತ್ತು ಸಾವಿರಕ್ಕೇ ಸುಸ್ತಾಗುವ ನಮ್ಮ ಆಯ್ಕೆ ಹಿಡಿಸಬೇಕೆಂದೇನಿಲ್ಲ.

ಹುದ್ದೆ ಮಾತ್ರ ಹೋಗಿಲ್ಲ. ರಾತ್ರಿ ಪಾಳಿಗೆ ಅದೇ ಹೊಸ್ತಿಲ ಬಳಿ ಬಂದು ಕೂರುತ್ತಾಳೆ. ಇಲಿಗಳಿಗೆ ಬೆಕ್ಕಿನ ವಾಸನೆಯೇ ಸಾಕು. ಕಣ್ಣಿನ ವಿಷಯ ಅವುಗಳಿಗಿನ್ನೂ ಮುಟ್ಟಿಲ್ಲ.

ಮರುತಪಾಸಣೆಗೆ ಒಯ್ದಾಗ ಗಬ್ಬರ್‌ದು 150ಕ್ಕೆ ಇಳಿದಿತ್ತು. ಅದೇ ವಾರ ಊರಿನ ಆಸ್ಪತ್ರೆಯಲ್ಲಿ ತಾತನದು 170. “ಎಂಟ್ರಲ್ಲೊಂದು ಪಾಲು ಮಾತ್ರೆ ತಿನ್ನೋ ಬೆಕ್ಕಿಗೇ ಇಳಿದದೆ, ನಿಮಗ್ಯಾಕಿಳಿದಿಲ್ಲ ಮಾವ?” ಎಂದು ಚಿಕ್ಕವ್ವ ಉಪ್ಪಿನಕಾಯಿ ಜಾಡಿ ಎತ್ತಿಟ್ಟರು. ತಾತ ಬಗ್ಗಲಿಲ್ಲ.

“ನನ್ನೂ ಒಂದ್ ಕ್ವಾಣೇಲಿ ಒಬ್ನೇ ಕೂರಿಸಿ, ಹತ್ ನಿಮ್ಸ ಯಾರೂ ಬಯ್ದೆ, ತಲೆ ಸವರ್ಬುಟ್ಟು ಅಳೀರಿ. ಎಷ್ಟ್ ಬತ್ತದೆ ನೋಡುವಾ.”