ಮಾವನವರೂ ಕೆಂಪು ಪೊದೆಯೂ

ಮಗಳ ಮನೆಗೆಂದು ಮೂರು ತಿಂಗಳ ವೀಸಾದಲ್ಲಿ ಪರದೇಶಕ್ಕೆ ಬರುವ ನಿವೃತ್ತ ಮಾವಂದಿರದು ಒಂದು ಪ್ರತ್ಯೇಕ ಕುಲ. ಮೊದಲ ವಾರ ಕಿಟಕಿಯ ಪಕ್ಕ ಕೂತು ಹೋಗಿಬರುವ ಕಾರುಗಳನ್ನು ಎಣಿಸುತ್ತಾರೆ. ಎರಡನೆಯ ವಾರ ಕರೆಂಟು ಬಿಲ್ಲು ಕೇಳಿ ಪಡೆದು ನೋಡುತ್ತಾರೆ. ಮೂರನೆಯ ವಾರ, ಒಂಬತ್ತು ವರ್ಷದಿಂದ ಅಲ್ಲೇ ಬೇರುಬಿಟ್ಟಿರುವ ಅಳಿಯನನ್ನು ಕೂರಿಸಿಕೊಂಡು ಆ ದೇಶದ ವಿಚಾರವಾಗಿ ಪಾಠ ಶುರುಮಾಡುತ್ತಾರೆ.

ನಮ್ಮ ಮಾವನವರು ಮೈಸೂರಿನಿಂದ ಕೇಪ್‌ಟೌನಿಗೆ ಬಂದಾಗ ಪಾಠದ ವಿಷಯ ರೋಯ್‌ಬಾಸ್ ಚಹಾ. ಮೊದಲ ದಿನ ಪೊಟ್ಟಣ ನೋಡಿ, "ಇದ್ಯಾವ ಬೋಸು? ಬಂಗಾಳದವರದಾ?" ಎಂದು ಕೇಳಿದವರು ಅವರೇ. ಇಪ್ಪತ್ತನೆಯ ದಿನ ನನ್ನ ಉಚ್ಚಾರಣೆ ತಿದ್ದಿದವರೂ ಅವರೇ.

ಮಾವನವರು ಬ್ಯಾಂಕಿನ ಆಡಿಟ್ ವಿಭಾಗದಲ್ಲಿ ಮೂವತ್ತಾರು ವರ್ಷ ದುಡಿದವರು. ನಿವೃತ್ತಿಯ ಮೇಲೆ ಲೆಡ್ಜರು ಹೋಗಿ ಲೋಟ ಕೈಗೆ ಬಂತು. ತಾಮ್ರದ ಚೊಂಬಿನ ನೀರು, ಗೋಧಿಹುಲ್ಲಿನ ರಸ, ಗ್ರೀನ್ ಟೀ, ಒಂದೊಂದಕ್ಕೂ ಒಂದೊಂದು ಅವಧಿ, ಒಂದೊಂದು ನಿಯಮ. ಗ್ರೀನ್ ಟೀಯಂತೂ ಎರಡು ನಿಮಿಷದ ಮೇಲೆ ನೆಂದರೆ ಕಹಿ ಎಂದು ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಒಲೆಯ ಮುಂದೆ ನಿಲ್ಲುತ್ತಿದ್ದರು. ಅತ್ತೆ ಅಡುಗೆಮನೆಗೆ ಹೋಗಬೇಕಾದರೆ ಆ ಎರಡು ನಿಮಿಷ ಹೊರಗೆ ಕಾಯಬೇಕಿತ್ತು.

ರೋಯ್‌ಬಾಸ್ ಮೇಲಿನ ಮೊದಲ ಆಕ್ಷೇಪಣೆ ದಾರದ್ದು. ದಕ್ಷಿಣ ಆಫ್ರಿಕಾದ ಮನೆಗಳಲ್ಲಿ ದಿನಬಳಕೆಗೆ ತರುವ ಟೀ ಚೀಲಕ್ಕೆ ಸಾಮಾನ್ಯವಾಗಿ ದಾರ, ಚೀಟಿ ಏನೂ ಇರುವುದಿಲ್ಲ. ಬರೀ ಪುಟಾಣಿ ದಿಂಬು.

"ಹಗ್ಗವಿಲ್ಲದೆ ಬಾವಿಗೆ ಕೊಡ ಬಿಟ್ಟ ಹಾಗಾಯ್ತಲ್ರೀ! ಎತ್ತೋದು ಹೇಗೆ?"

ಚಮಚದಲ್ಲಿ ಎತ್ತಬಹುದು ಎಂದೆ. ಅವರಿಗೆ ಅದು ವ್ಯವಸ್ಥೆ ಎನಿಸಲಿಲ್ಲ. ಮಧ್ಯಾಹ್ನ ಕನ್ನಡಕ ಏರಿಸಿ, ಸೂಜಿಗೆ ಬಿಳಿ ದಾರ ಪೋಣಿಸಿ, ಪೊಟ್ಟಣದ 80 ಚೀಲಗಳಿಗೂ ಬಾಲ ಹೊಲಿದರು. ಸಂಜೆ ಎಲ್ಲರ ಲೋಟದಲ್ಲೂ ಸೂಜಿ ಚುಚ್ಚಿದ ತೂತಿನಿಂದ ಕೆಂಪು ಪುಡಿ ಹೊರಬಂದು ತೇಲುತ್ತಿತ್ತು. ಮಾವನವರು ಹಲ್ಲಿಗೆ ಸಿಕ್ಕಿದ್ದನ್ನು ಸಾವಕಾಶವಾಗಿ ಅಗಿದು, "ನಾರಿನಂಶ" ಎಂದರು.

ಆಮೇಲೆ ಓದು ಹತ್ತಿತು. ಬೆಳಗಿನ ಉಪ್ಪಿಟ್ಟಿನ ಜೊತೆಗೆ ಉಪನ್ಯಾಸ. ರೋಯ್ ಎಂದರೆ ಕೆಂಪು, ಬಾಸ್ ಎಂದರೆ ಪೊದೆ, ಭಾಷೆ ಆಫ್ರಿಕಾನ್ಸ್. ಚಹಾ ಗಿಡಕ್ಕೂ ಇದಕ್ಕೂ ನೆಂಟಸ್ತನವಿಲ್ಲ, ಇದು ನಮ್ಮ ತೊಗರಿ, ಹುರುಳಿಯ ವಂಶ.

"ಹಾಗಿದ್ರೆ ಕಟ್ಟು ತೆಗೆದು ಸಾರು ಮಾಡಬಹುದಾ?" ಎಂದರು ಅತ್ತೆ.

ಮಾವನವರು ಅದನ್ನು ಕೇಳಿಸಿಕೊಳ್ಳದೆ ಮುಂದುವರಿದರು. ಕೆಫೀನ್ ಇಲ್ಲ. ಟ್ಯಾನಿನ್ ಕಡಿಮೆ, ಅದಕ್ಕೇ ಒಗರಿಲ್ಲ. ಆಸ್ಪಲಾಥಿನ್ ಎಂಬ ಅಂಶ ಈ ಗಿಡದ ಸ್ವಂತ ಆಸ್ತಿ, ಎಲೆ ಕೆಂಪಾಗುವಾಗ ಅದು ಬಹುಪಾಲು ಕರಗಿಹೋಗುತ್ತದೆ, ಕೆಂಪಾಗಿಸದೆ ಒಣಗಿಸಿದ ಹಸಿರು ರೋಯ್‌ಬಾಸಿನಲ್ಲಿ ಹೆಚ್ಚು ಉಳಿದಿರುತ್ತದೆ. 2011ರಲ್ಲಿ ಇದೇ ಕೇಪ್‌ಟೌನಿನವರು ಪ್ರಕಟಿಸಿದ ಅಧ್ಯಯನದಲ್ಲಿ ಹೃದ್ರೋಗದ ಅಪಾಯವಿದ್ದ 40 ಜನ ಆರು ವಾರ, ದಿನಕ್ಕೆ ಆರು ಲೋಟ ಕುಡಿದು ರಕ್ತದ ಕೊಬ್ಬಿನ ಲೆಕ್ಕ ಸುಧಾರಿಸಿಕೊಂಡರು.

"ನಲವತ್ತೇ ಜನ ಅಲ್ವಾ ಮಾವ?"

"ನಮ್ಮ ಬ್ರಾಂಚಲ್ಲಿ ಹದಿನೆಂಟೇ ಜನ ಇದ್ವಿ. ಲಾಭ ತೋರಿಸ್ಲಿಲ್ವಾ?"

ಸಕ್ಕರೆ ಕಾಯಿಲೆಗೂ ಒಳ್ಳೆಯದಂತೆ ಎಂದರು. ಇಲಿಗಳ ರಕ್ತದಲ್ಲಿ ಸಕ್ಕರೆ ಇಳಿದದ್ದು ನಿಜ, ಮನುಷ್ಯರ ವಿಚಾರದಲ್ಲಿ ಅಷ್ಟು ಖಚಿತವಾಗಿ ಹೇಳುವ ಹಾಗಿಲ್ಲ ಎಂದೆ. "ಅಪ್ಪ, ನೀನು ಏನಾದ್ರೂ ಕುಡಿ, ಮಾತ್ರೆ ಮಾತ್ರ ಬಿಡಬೇಡ" ಎಂದು ನನ್ನ ಹೆಂಡತಿ ಡಬ್ಬಿ ತಂದು ಮುಂದಿಟ್ಟಳು. ಮಾತ್ರೆಯನ್ನು ರೋಯ್‌ಬಾಸಿನಲ್ಲೇ ನುಂಗಿದರು.

ದಿನಕ್ಕೆ ಆರು ಲೋಟ ಶುರುವಾಯಿತು. ಕೆಫೀನ್ ಇಲ್ಲದ ಕಾರಣ ಕಡೆಯ ಲೋಟ ರಾತ್ರಿ ಹತ್ತಕ್ಕೆ. ಹನ್ನೊಂದೂವರೆಗೆ ಹಜಾರದ ದೀಪ ಹತ್ತಿತು. ಒಂದಕ್ಕೆ ಮತ್ತೆ, ಮೂರಕ್ಕೆ ಮತ್ತೆ. "ನಿದ್ದೆ ಕೆಡಿಸೋದಿಲ್ಲ ಅಂದ್ರಲ್ಲ?" ಎಂದು ಬೆಳಗ್ಗೆ ಅತ್ತೆ ಕೇಳಿದರೆ, "ಎಬ್ಬಿಸಿದ್ದು ಚಹಾ ಅಲ್ಲ ಕಣೆ, ನೀರು" ಎಂದರು. ಆಡಿಟ್ ಭಾಷೆಯಲ್ಲಿ ಇದನ್ನು ಬೇರೆ ಖಾತೆಗೆ ವರ್ಗಾಯಿಸುವುದು ಎನ್ನುತ್ತಾರೆ.

ಇಷ್ಟಾದ ಮೇಲೆ ಸ್ಥಳ ತಪಾಸಣೆ ಆಗಲೇಬೇಕಲ್ಲ. ಫೆಬ್ರವರಿಯ ಒಂದು ಶನಿವಾರ ಎನ್7 ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟೆವು. ಕಿತ್ತಳೆ ತೋಟಗಳ ಸಿಟ್ರಸ್‌ಡಾಲ್ ದಾಟಿ ಎರಡೂವರೆ ಗಂಟೆಗೆ ಕ್ಲಾನ್‌ವಿಲಿಯಮ್, ಪಕ್ಕದಲ್ಲೇ ಸೀಡರ್‌ಬರ್ಗ್ ಬೆಟ್ಟಸಾಲು. ರೋಯ್‌ಬಾಸ್ ವ್ಯಾಪಾರಕ್ಕೆಂದು ಬೆಳೆಯುವುದು ಈ ಬೆಟ್ಟಗಳ ಆಸುಪಾಸಿನಲ್ಲಿ ಮಾತ್ರ. 2021ರಲ್ಲಿ ಯುರೋಪ್ ಒಕ್ಕೂಟ ಆ ಹೆಸರನ್ನು ಈ ಸೀಮೆಗೇ ಬರೆದುಕೊಟ್ಟಿತು, ನಮ್ಮ ನಂಜನಗೂಡು ರಸಬಾಳೆಗೆ ಸಿಕ್ಕ ಮಾನದ ಹಾಗೆ.

ಕೊಯ್ಲಿನ ಕಾಲ. ಸೂಜಿಯಂಥ ಎಲೆಯ ಕಡ್ಡಿಗಳನ್ನು ಕುಡುಗೋಲಿನಲ್ಲಿ ಕೊಯ್ದು, ಸಣ್ಣಗೆ ಕತ್ತರಿಸಿ, ಜಜ್ಜಿ, ನೀರು ಹಾಕಿ ಕಣದಲ್ಲಿ ರಾಶಿ ಮಾಡುತ್ತಾರೆ. ರಾತ್ರಿ ಕಳೆಯುವಷ್ಟರಲ್ಲಿ ಹಸಿರು ಹೋಗಿ ಇಟ್ಟಿಗೆಯ ಕೆಂಪು ಬಂದಿರುತ್ತದೆ. ಅದನ್ನು ಕಣದ ತುಂಬ ತೆಳ್ಳಗೆ ಹರವಿ ಬಿಸಿಲಿಗೆ ಬಿಡುತ್ತಾರೆ. ಗಾಳಿ ನಮ್ಮ ಕಡೆ ತಿರುಗಿದಾಗ ಮಂಡ್ಯದ ಆಲೆಮನೆಯ ಮುಂದೆ ನಿಂತ ಹಾಗೆ ಸಿಹಿ ಘಮ. ಮಾವನವರು ಒಂದು ಗಳಿಗೆ ಏನನ್ನೂ ವಿವರಿಸಲಿಲ್ಲ.

ಒಂದೇ ಗಳಿಗೆ. ಆಮೇಲೆ ಇರುವೆಯ ಕಥೆ ಬಂತು. ಈ ಎಲೆಯ ಗುಣ ಮೊದಲು ಕಂಡವರು ಇಲ್ಲಿಯ ಖೋಯ್ ಮತ್ತು ಸಾನ್ ಜನ. 1904ರಲ್ಲಿ ಬೆಂಜಮಿನ್ ಗಿನ್ಸ್‌ಬರ್ಗ್ ಎಂಬ ವರ್ತಕ ಅದನ್ನು ಮಾರುಕಟ್ಟೆಗೆ ತಂದ. 1930ರ ದಶಕದಲ್ಲಿ ಕ್ಲಾನ್‌ವಿಲಿಯಮ್ಮಿನ ಡಾಕ್ಟರ್ ನಾರ್ಟಿಯೆ ಕೃಷಿಗೆ ಕೈಹಾಕಿದಾಗ ಬೀಜವೇ ಸಿಗದು. ಕಾಯಿ ಸಿಡಿದು ಪುಟ್ಟ ಬೀಜ ಮರಳಿನಲ್ಲಿ ಮಾಯ. ಬೆಂಕಿಪೊಟ್ಟಣ ತುಂಬ ಬೀಜ ತಂದವರಿಗೆ 5 ಪೌಂಡು ಕೊಡುತ್ತೇನೆಂದನಂತೆ. ಒಬ್ಬ ಹೆಂಗಸು ಮಾತ್ರ ಮತ್ತೆ ಮತ್ತೆ ತರುತ್ತಿದ್ದಳಂತೆ. ಬೀಜ ಹೊರುವ ಇರುವೆಗಳ ಬೆನ್ನು ಹಿಡಿದು ಅವುಗಳ ಗೂಡು ಕಂಡುಕೊಂಡಿದ್ದಳು ಎಂದು ಊರಿನವರು ಹೇಳುತ್ತಾರೆ.

ಕಥೆ ಮುಗಿಯುವಷ್ಟರಲ್ಲಿ ಮಾವನವರು ಮಂಡಿಯೂರಿ ಮರಳು ಕೆದಕುತ್ತಿದ್ದರು. ಕುವೆಂಪುನಗರದ ತಾರಸಿಯ ಕುಂಡದಲ್ಲಿ ಬೆಳೆಸುವ ಯೋಜನೆ. ಈ ಗಿಡಕ್ಕೆ ಹುಳಿಗುಣದ ಮರಳು ನೆಲ ಬೇಕು, ಚಳಿಗಾಲದ ಮಳೆ ಬೇಕು ಎಂದೆ. ಅಷ್ಟರಲ್ಲಿ ಇರುವೆಯೇ ನನ್ನ ಪರವಾಗಿ ಮಾತಾಡಿತು. ಅಂಗೈ ಉಜ್ಜಿಕೊಳ್ಳುತ್ತ ಎದ್ದರು.

ಪಕ್ಕದ ಅಂಗಡಿಯಲ್ಲಿ ಚಹಾ ಕೇಳಿದೆವು. ಇಲ್ಲಿ ಹಿರಿಯ ಗಂಡಸರನ್ನು 'ಊಮ್' ಎಂದೂ ಹಿರಿಯ ಹೆಂಗಸರನ್ನು 'ಟನ್ನಿ' ಎಂದೂ ಕರೆಯುತ್ತಾರೆ, ನಮ್ಮ ಮಾವ, ಅತ್ತೆ ಇದ್ದಂತೆ. ಗಲ್ಲಾದ ಹುಡುಗಿ "ಊಮ್" ಎಂದದ್ದೇ ತಡ, ಮಾವನವರು ಓಂಕಾರ ಕೇಳಿದವರಂತೆ ಕೈಮುಗಿದು ಕೂತರು. ಅಂಗಡಿಯ ಟನ್ನಿ ಒಲೆಯ ಮೇಲಿದ್ದ ಎನಾಮಲ್ ಪಾತ್ರೆಯಿಂದ ಚಹಾ ಸುರಿದಳು. ಮಾವನವರ ಸ್ಟಾಪ್‌ವಾಚ್ ಹೊರಬಂತು.

"ಎಷ್ಟು ನಿಮಿಷ ಕುದಿಸಿದ್ದೀರಿ ಕೇಳಿ."

ಕೇಳಿದೆ. "ಬೆಳಗ್ಗೆ ಇಟ್ಟದ್ದು" ಎಂದಳು ಟನ್ನಿ. ಹೊತ್ತು ಆಗಲೇ ಮೂರು.

ಮಾವನವರು ಹರಳೆಣ್ಣೆ ಕುಡಿಯುವವರ ಹಾಗೆ ಒಂದು ಗುಟುಕು ಎಳೆದರು. ಕಹಿಯಿಲ್ಲ. ಇನ್ನೊಂದು ಗುಟುಕು. ಬಣ್ಣ ಗಾಢವಾಗಿತ್ತು, ರುಚಿ ಇನ್ನೂ ದುಂಡಗಾಗಿತ್ತು. ಹಾಲು ಹಾಕಿದರೆ ಕೆಡುತ್ತದಾ ಎಂದು ಕೇಳಿಸಿದರು. ನಾವೆಲ್ಲ ಹಾಲು ಸಕ್ಕರೆ ಹಾಕಿಯೇ ಕುಡಿಯುವುದು ಎಂದಳು. ನಿಂಬೆ, ಜೇನು? ಅದೂ ಸರಿ. ಆರಿಸಿ ಕುಡಿದರೆ? ಅದೂ ಸರಿ. ಅಂದ ಮೇಲೆ ತಪ್ಪಾಗುವುದು ಯಾವಾಗ?

ಟನ್ನಿ ಯೋಚಿಸಿ ಹೇಳಿದಳು: "ನೀರು ಹಾಕೋದು ಮರೆತರೆ."

ದಾರಿಯುದ್ದಕ್ಕೂ ಮಾವನವರು ಮೌನ. ಮೂವತ್ತಾರು ವರ್ಷದಲ್ಲಿ ಆಕ್ಷೇಪಣೆಗೆ ಎಡೆಯೇ ಇಲ್ಲದ ಲೆಕ್ಕ ಅವರ ಕೈಗೆ ಬಂದಿರಲಿಲ್ಲ.

ಹೊರಡುವ ದಿನ ಸೂಟ್‌ಕೇಸಿನಲ್ಲಿ ಎಂಟು ಪೊಟ್ಟಣ ತುಂಬಿಸಿದರು. ತೂಕ ಹೆಚ್ಚಾಯಿತೆಂದು ಅತ್ತೆಯ ಎರಡು ಸೀರೆ ನಮ್ಮ ಮನೆಯಲ್ಲೇ ಉಳಿದವು.

ತಿಂಗಳ ಮೇಲೆ ವೀಡಿಯೊ ಕರೆ ಮಾಡಿದೆ. ಮಾವನವರ ನಡುಮನೆಯಲ್ಲಿ ಕುಕ್ಕರಹಳ್ಳಿ ಕೆರೆಯ ವಾಕಿಂಗ್ ಬಳಗದ ಆರು ಮಂದಿ ಲೋಟ ಹಿಡಿದು, ಉಸಿರು ಬಿಗಿಹಿಡಿದು ಕೂತಿದ್ದಾರೆ. ಪ್ರತಿ ಲೋಟದಿಂದಲೂ ಬಿಳಿ ದಾರ ಇಳಿಬಿದ್ದಿದೆ. ಮಾವನವರು ನಡುವೆ ನಿಂತು ಸ್ಟಾಪ್‌ವಾಚ್ ನೋಡುತ್ತಿದ್ದಾರೆ: "ಏಳು ನಿಮಿಷ. ಆರೂ ಅಲ್ಲ, ಎಂಟೂ ಅಲ್ಲ. ಒಂದು ಸೆಕೆಂಡು ಆಚೀಚೆ ಆದ್ರೂ ಗುಣ ಹೋಯ್ತು!"

ಆಮೇಲೆ ಅವರೊಬ್ಬರೇ ಸಿಕ್ಕಾಗ ಕೇಳಿದೆ: "ಮಾವ, ಟನ್ನಿ ಹೇಳಿದ್ದು ನೆನಪಿದೆಯಾ?"

ಅವರು ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದರು. "ನೆನಪಿಲ್ದೆ ಏನ್ರೀ? ಆದ್ರೆ ಹೇಗ್ ಮಾಡಿದ್ರೂ ಕೆಡೋದಿಲ್ಲ ಅಂತ ಹೇಳಿಬಿಟ್ರೆ, ಇವರಿಗೆ ನಾನ್ಯಾಕೆ ಬೇಕು?"